ಇದಿನಬ್ಬನ ಮೆಡಿಟರೇನಿಯನ್

ಜಿದ್ದಾದ ಶರಫಿಯಾದಲ್ಲಿ ನಾವು ಕೆಲಸ ಮಾಡುವ ಅಂಗಡಿ ಕಿಟಕಿ ಪರದೆಗಳದ್ದು. ಪರದೆ ಹೊಲಿಯುವವನು ನಾನು, ಹಸನ್. ಹೊಲಿದದ್ದನ್ನು ಗಿರಾಕಿಗಳ ಮನೆಗೆ ಒಯ್ದು, ಏಣಿ ಹತ್ತಿ, ತೂಗುಹಾಕುವವನು ಇದಿನಬ್ಬ. ನಾನು ದಿನವಿಡೀ ಮೆಷಿನಿನ ಮುಂದೆ ಬಗ್ಗಿರುತ್ತೇನೆ, ಅವನು ದಿನವಿಡೀ ಏಣಿಯ ಮೇಲಿರುತ್ತಾನೆ. ತನಗೆ ಎಲ್ಲವೂ ಗೊತ್ತು ಎಂಬ ಭಾವನೆ ಅವನಲ್ಲಿ ಬಂದದ್ದು ಬಹುಶಃ ಹಾಗೆಯೇ. ಒಳ್ಳೆಯ ಮನುಷ್ಯ. ತಾನಾಗಿ ಸುಳ್ಳು ಹೇಳುವವನಲ್ಲ. ಆದರೆ ಯಾರಾದರೂ ಅವನ ಬಗ್ಗೆ ಒಂದು ಸುಳ್ಳನ್ನು ನಂಬಿಬಿಟ್ಟರೆ, ಅವರ ಮನಸ್ಸು ನೋಯಿಸುವುದು ಮಾತ್ರ ಅವನಿಂದಾಗುವುದಿಲ್ಲ.

ಈ ದೇಶದ ವಾಯವ್ಯ ಮೂಲೆಯಲ್ಲಿ, ಜೋರ್ಡಾನ್ ಗಡಿಗೆ ಒತ್ತಿಕೊಂಡು, ಹಕ್ಲ್ ಎಂಬ ಸಣ್ಣ ಕಡಲ ಊರಿದೆ. ರಜೆಯಲ್ಲಿ ಜನ ಬಂದು ನೀರಿಗಿಳಿದು ಹೋಗುವ ಊರು. ಹನ್ನೆರಡು ವರ್ಷದ ಹಿಂದೆ ಅಲ್ಲೊಬ್ಬ ಶ್ರೀಮಂತ ರೆಸಾರ್ಟ್ ಕಟ್ಟಿಸಿದ. ಬಿಳಿ ಗೋಡೆ, ನೀಲಿ ಕಿಟಕಿ, ಗೇಟಿನ ಮೇಲೆ ಆಳೆತ್ತರದ ಇಂಗ್ಲಿಷ್ ಅಕ್ಷರಗಳಲ್ಲಿ ‘ಮೆಡಿಟರೇನಿಯನ್’. ಮೆಡಿಟರೇನಿಯನ್ ಸಮುದ್ರಕ್ಕೂ ಆ ಗೇಟಿಗೂ ಯಾವ ಸಂಬಂಧವೂ ಇಲ್ಲ. ನಮ್ಮ ಕಡೆ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕಾಶ್ಮೀರ ಎಂದು ಹೆಸರಿಡುವುದಿಲ್ಲವೇ, ಹಾಗೆ. ಅಲ್ಲಿನ ನಲವತ್ತೆರಡು ಕಿಟಕಿಗಳಿಗೆ ನಾನು ಪರದೆ ಹೊಲಿದೆ, ಇದಿನಬ್ಬ ಹೋಗಿ ಎಂಟು ದಿನ ನಿಂತು ಹಾಕಿ ಬಂದ. ಬರುವ ಮೊದಲು ಆ ಗೇಟಿನ ಕೆಳಗೆ ಸೊಂಟಕ್ಕೆ ಕೈಕೊಟ್ಟು ಒಂದು ಫೋಟೋ ತೆಗೆಸಿಕೊಂಡು ಹೆಂಡತಿ ನಫೀಸತ್‌ಗೆ ಕಳಿಸಿದ.

ನಫೀಸತ್ ಇರುವುದು ಉಪ್ಪಿನಂಗಡಿಯ ತವರುಮನೆಯಲ್ಲಿ. ಇದಿನಬ್ಬ ರಜೆಯಲ್ಲಿ ಊರಿಗೆ ಹೋದಾಗ ಇಳಿಯುವುದೂ ಅಲ್ಲಿಗೇ. ಅವನ ಮಾವ ಆ ಫೋಟೋವನ್ನು ದೊಡ್ಡದು ಮಾಡಿಸಿ, ಗಾಜು ಹಾಕಿಸಿ, ಹಾಲ್‌ನಲ್ಲಿ ಗಡಿಯಾರದ ಪಕ್ಕ ತೂಗುಹಾಕಿದರು. ಬಂದವರಿಗೆಲ್ಲ, “ನಮ್ಮ ಅಳಿಯ ಗಡಿ ದಾಟಿ ಮೆಡಿಟರೇನಿಯನ್‌ಗೆ ಹೋಗಿದ್ದಾಗ ತೆಗೆದದ್ದು,” ಎಂದು ತೋರಿಸಿದರು. ಮುಂದಿನ ರಜೆಯಲ್ಲಿ ಊಟಕ್ಕೆ ಕುಳಿತಾಗ ಇದಿನಬ್ಬ ಸತ್ಯ ಹೇಳಬೇಕೆಂದು ಬಾಯಿ ತೆರೆದಿದ್ದನಂತೆ. ಅಷ್ಟರಲ್ಲಿ ಅತ್ತೆ ಕೋಳಿಯ ತೊಡೆ ತಂದು ಬಡಿಸಿದರು. ತೆರೆದ ಬಾಯಿಗೆ ಬೇರೆ ಕೆಲಸ ಸಿಕ್ಕಿತು.

ಆಮೇಲೆ ಪ್ರತಿ ರಜೆಯಲ್ಲೂ ಪ್ರಶ್ನೆಗಳು.

“ಆ ಸಮುದ್ರದಲ್ಲಿ ಮೀನು ಎಂತ ಸಿಗ್ತದೆ ಅಳಿಯ?”

“ಬಂಗುಡೆಯೇ ಮಾವ. ಆದ್ರೆ ಮುಳ್ಳು ಕಡಿಮೆ.”

“ಗಡಿ ದಾಟುವಾಗ ಎಂತ ಕೇಳ್ತಾರೆ?”

“ಎಂತ ಇಲ್ಲ. ಹೆಸರು ಕೇಳ್ತಾರೆ. ಹೇಳಿದ್ರೆ ಬಿಡ್ತಾರೆ.”

ಹೀಗೆ ಹನ್ನೆರಡು ವರ್ಷ ನಡೆಯಿತು. ಮೂರು ತಿಂಗಳ ಹಿಂದೆ ನಫೀಸತ್ ಭೇಟಿ ವೀಸಾದಲ್ಲಿ ಜಿದ್ದಾಕ್ಕೆ ಬಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ. ಬಂದದ್ದು ಜಿದ್ದಾ ನೋಡಲಿಕ್ಕಲ್ಲ. ಈ ಗಂಡ ಹೆಂಡತಿ ಇಷ್ಟು ವರ್ಷದಲ್ಲಿ ಒಂದೇ ಒಂದು ರಂಜಾನ್ ಪೆರ್ನಾಲ್ ಒಟ್ಟಿಗೆ ಮಾಡಿದವರಲ್ಲ. ಹಬ್ಬ ಬಂತೆಂದರೆ ಇಲ್ಲಿ ಮನೆಮನೆಯಲ್ಲೂ ಹಳೇ ಪರದೆ ಇಳಿದು ಹೊಸದು ಏರಬೇಕು. ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಹಬ್ಬಕ್ಕೆ ರಜೆ ಸಿಕ್ಕೀತು, ಪರದೆಯವನಿಗೆ ಸಿಗದು. “ನೀವು ಬರ್ಲಿಕ್ಕೆ ಆಗದಿದ್ರೆ ನಾನೇ ಬರ್ತೇನೆ. ಈ ಸಲ ಪೆರ್ನಾಲ್ ಒಟ್ಟಿಗೆ,” ಎಂದು ನಫೀಸತ್ ಹಟ ಹಿಡಿದು ಬಂದಿದ್ದರು. ಅವರ ಹಟ ನೋಡಿ ನನಗೇ ಹೊಟ್ಟೆಕಿಚ್ಚಾಗಿತ್ತು.

ಆದರೆ ಭೇಟಿ ವೀಸಾಕ್ಕೆ ಒಂದು ನಿಯಮ ಉಂಟು. ತೊಂಬತ್ತು ದಿನ ಮುಗಿಯುವ ಮೊದಲು ದೇಶದ ಹೊರಗೆ ಕಾಲಿಟ್ಟು ಮತ್ತೆ ಒಳಗೆ ಬರಬೇಕು. ಬಂದರೆ ಇನ್ನು ತೊಂಬತ್ತು ದಿನ. ತಪ್ಪಿದರೆ ಪೆಟ್ಟಿಗೆ ಕಟ್ಟಿ ಊರಿಗೆ. ನಫೀಸತ್‌ರ ತೊಂಬತ್ತು ದಿನ ಮುಗಿಯುವುದು ಪೆರ್ನಾಲ್‌ಗೆ ಐದು ವಾರ ಮೊದಲು, ಒಂದು ಗುರುವಾರ. ನಮ್ಮ ಕಟ್ಟಡದ ಇನ್ನೂ ಹತ್ತು ಹೆಂಗಸರ ದಿನಗಳೂ ಹೆಚ್ಚುಕಡಿಮೆ ಅದೇ ವಾರ ಮುಗಿಯುವುದಿತ್ತು, ನನ್ನ ಹೆಂಡತಿ ಶಾಹೀದಾಳದ್ದೂ ಸೇರಿ.

ಒಂದು ಶುಕ್ರವಾರ ಮಹಡಿಯ ಮೇಲೆ ಎಲ್ಲರೂ ಸುಲೈಮಾನಿ ಚಹಾ ಕುಡಿಯುತ್ತಿದ್ದೆವು. ಗಡಿಗೆ ಬಸ್ಸು ಮಾಡುವ ಮಾತು ಬಂತು. ನಫೀಸತ್ ಹೆಮ್ಮೆಯಿಂದ, “ಇವರಿಗೆ ಆ ದಾರಿ ಅಂಗೈಯಲ್ಲಿ ಉಂಟು. ಹನ್ನೆರಡು ವರ್ಷದ ಹಿಂದೆಯೇ ಗಡಿ ದಾಟಿ ಮೆಡಿಟರೇನಿಯನ್‌ಗೆ ಹೋಗಿ ಬಂದವರು,” ಎಂದುಬಿಟ್ಟರು.

“ಅಲ್ಲಾ! ಇದಿನಬ್ಬಾಕ, ನೀವು ಹೇಳಿಯೇ ಇಲ್ಲ!” ಎಂದಳು ಶಾಹೀದಾ. “ಹಾಗಿದ್ರೆ ನಮ್ಮನ್ನೂ ನೀವೇ ಕರ್ಕೊಂಡು ಹೋಗ್ಬೇಕು.”

ಇದಿನಬ್ಬನ ಕೈಯ ಗ್ಲಾಸು ಬಾಯಿಗೂ ಎದೆಗೂ ನಡುವೆ ನಿಂತಿತು. ಹನ್ನೊಂದು ಹೆಂಗಸರು ಅವನನ್ನೇ ನೋಡುತ್ತಿದ್ದರು.

“ಅದಕ್ಕೆಂತ,” ಎಂದ.

ಆ ಒಂದು ಮಾತಿಗೆ ಕಟ್ಟಡದ ಗಂಡಸರೆಲ್ಲ ಹಗುರಾದರು. ಯಾಕೆಂದರೆ ಇಕಾಮಾದಲ್ಲಿ, ಅಂದರೆ ಕೆಲಸದವರ ವಾಸದ ಪರವಾನಗಿಯಲ್ಲಿ ಇರುವ ನಾವು ದೇಶದಿಂದ ಹೊರಗೆ ಹೋಗಿ ಬರಬೇಕಾದರೆ ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಡೆಯಿಂದ ರೀ-ಎಂಟ್ರಿ ಕಾಗದ ಮಾಡಿಸಬೇಕು. ಅದಕ್ಕೆ ಅಲೆಯುವವರು ಯಾರು? ಎಲ್ಲರ ಹೆಂಡಿರು ಮಕ್ಕಳನ್ನು ಇದಿನಬ್ಬ ದಾಟಿಸಿ ತರುವುದು, ಗಂಡಂದಿರು ಹಕ್ಲ್‌ನ ಕಡಲಲ್ಲಿ ಈಜುತ್ತಾ ಕಾಯುವುದು ಎಂದು ಒಮ್ಮತದಿಂದ ತೀರ್ಮಾನವಾಯಿತು. ಆ ಫೋಟೋ ಹಕ್ಲ್‌ನದು ಎಂದು ಗೊತ್ತಿದ್ದವನು ನಾನೊಬ್ಬನೇ. ಎಂಟು ದಿನ ಗಡಿಯ ಬುಡದಲ್ಲೇ ಇದ್ದವ ಒಮ್ಮೆಯಾದರೂ ದಾಟಿರಬಹುದು ಎಂದುಕೊಂಡು ನಾನೂ ಸುಮ್ಮನಿದ್ದೆ. ನನಗೂ ಅಲೆದಾಟ ಉಳಿಯಿತಲ್ಲ.

ಮರುದಿನದಿಂದ ಇದಿನಬ್ಬ ಬೇರೆಯೇ ಮನುಷ್ಯ. ಮಹಡಿಯಲ್ಲಿ ಎರಡು ಸಭೆ ಮಾಡಿದ. “ಮೆಡಿಟರೇನಿಯನ್ ಗಾಳಿ ಸಾಮಾನ್ಯದ್ದಲ್ಲ, ಮಕ್ಕಳಿಗೆ ಸ್ವೆಟರ್ ಹಾಕಿ. ಆಫೀಸರರ ಎದುರು ಯಾರೂ ಮಾತಾಡ್ಬಾರ್ದು, ನಾನೊಬ್ಬನೇ ಮಾತಾಡ್ತೇನೆ. ಗುಂಪು ಚೆದುರಬಾರ್ದು,” ಎಂದು ಕಟ್ಟಪ್ಪಣೆ ಕೊಟ್ಟ. ಗುಂಪು ಚೆದುರದಿರಲು ಒಂದು ಬಾವುಟವನ್ನೂ ಮಾಡಿದ. ಒಂದೂವರೆ ಮೀಟರಿನ ಪರದೆ ಸರಳು, ಅದಕ್ಕೆ ಮಿಕ್ಕಿದ ಕೆಂಪು ವೆಲ್ವೆಟ್ ತುಂಡು. ಅಂಚು ನಾನೇ ಹೊಲಿದುಕೊಟ್ಟೆ. ಕೆಳಗೆ ಗೊಂಡೆ ಇರಲಿ ಎಂದ, ಅದನ್ನೂ ಹಾಕಿದೆ.

ರಜೆ ಕೇಳಲು ಹೋದಾಗ ನಮ್ಮ ಅಂಗಡಿ ನಡೆಸುವ ಭಟ್ಕಳದ ಅಬ್ದುಲ್ ಲತೀಫ್ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

“ಸೀಸನ್ ಹೊತ್ತಿಗೆ ಎರಡು ದಿನ ರಜೆಯಾ? ಹೋಗಲಿ. ಪೇಪರ್ ಏನಾದರೂ ಮಾಡಿಸಬೇಕೇನಯ್ಯಾ?”

“ಬೇಡ ಸಾಹೇಬ್ರೆ. ಊರಿಗೆ ಹೋಗುವುದಲ್ಲವಲ್ಲ. ಇಲ್ಲೇ ಪಕ್ಕಕ್ಕೆ ಹೋಗಿ ಬರುವುದು,” ಎಂದ ಇದಿನಬ್ಬ.

ಸಾಹೇಬರಿಗೆ ಫೋನು ಬಂತು. ಮಾತು ಅಲ್ಲಿಗೇ ನಿಂತಿತು. ಪಕ್ಕದಲ್ಲೇ ಟೇಪು ಹಿಡಿದು ನಿಂತಿದ್ದ ನನ್ನ ಕಿವಿಗೂ ಅದು ಬಿದ್ದಿತ್ತು. ಅರ್ಥ ತಲೆಗೆ ಹೋಗಲಿಲ್ಲ, ಅಷ್ಟೆ.

ಬುಧವಾರ ಸಂಜೆ ಹೊರಟ ಬಸ್ಸು ಗುರುವಾರ ಬೆಳಿಗ್ಗೆ ಹಕ್ಲ್ ಮುಟ್ಟಿತು. ಹನ್ನೊಂದು ಹೆಂಗಸರು, ಹದಿನಾಲ್ಕು ಮಕ್ಕಳು, ಎಂಟು ಗಂಡಂದಿರು, ಒಂದು ಬಾವುಟ. ಊರು ಚೆಂದವಿತ್ತು. ನೀಲಿ ನೀರು, ಆಚೆಗೆ ಬೇರೆ ದೇಶಗಳ ಗುಡ್ಡ, ದಂಡೆಯಲ್ಲಿ ಖಾಲಿ ಚಪ್ಪರಗಳು. ಡ್ರೈವರ್ ಪಠಾಣ ಒಂದು ಒಳ್ಳೆಯ ನೆರಳು ನೋಡಿ ತಿಂಡಿಗೆ ಬಸ್ಸು ನಿಲ್ಲಿಸಿದ. ನೂರು ಕಡೆ ನೆರಳಿತ್ತು. ಅವನು ನಿಲ್ಲಿಸಿದ್ದು ಆ ಗೇಟಿನ ಎದುರು.

ನಫೀಸತ್ ಇಳಿದವರು ಇಳಿದಲ್ಲೇ ನಿಂತರು. ಆ ಬಿಳಿ ಗೋಡೆ, ಆ ನೀಲಿ ಕಿಟಕಿ, ಆ ಅಕ್ಷರಗಳು. ಹನ್ನೆರಡು ವರ್ಷ ದಿನಾ ಆ ಫೋಟೋದ ಧೂಳು ಒರೆಸಿದವರಿಗೆ ಗುರುತು ಹಿಡಿಯಲು ಎಷ್ಟು ಹೊತ್ತು?

“ಇದು ನಮ್ಮ ಹಾಲ್‌ನ ಗೇಟಲ್ಲವಾ?” ಎಂದರು.

ಇದಿನಬ್ಬ ಬಾವುಟವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದ. “ಅದರ ಬ್ರಾಂಚ್ ಇರ್ಬೇಕು,” ಎಂದ.

ಬ್ರಾಂಚ್ ಎಂದು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಅಷ್ಟರಲ್ಲಿ ಒಳಗಿನಿಂದ ಕಾವಲುಗಾರ, ಬಂಗಾಳಿ ಅಬ್ದುಸ್ಸಲಾಮ್, ಎರಡೂ ಕೈ ಚಾಚಿಕೊಂಡು ಓಡಿಬಂದ. “ಅರೇ, ಪರ್ದೇವಾಲಾ ಭಾಯಿ! ಹನ್ನೆರಡು ವರ್ಷಕ್ಕೆ ಬಂದೆಯಲ್ಲ! ಏಳನೇ ನಂಬರ್ ರೂಮಿನ ಸರಳು ಬಿದ್ದು ನಾಲ್ಕು ವರ್ಷವಾಯಿತು, ಬಾ, ಬಾ,” ಎಂದು ಹಿಂದಿಯಲ್ಲಿ ಕೂಗುತ್ತಾ ಅವನನ್ನು ಅಪ್ಪಿಕೊಂಡ. ಆಮೇಲೆ ಹೆಂಗಸರ ಕಡೆ ತಿರುಗಿ, “ಎಂಟು ದಿನ ಇದ್ದ. ಇದೇ ಕಾಂಪೌಂಡಿನಿಂದ ಹೊರಗೆ ಕಾಲಿಡಲಿಲ್ಲ. ಅಂಥಾ ಕೆಲಸಗಾರ!” ಎಂದು ಸರ್ಟಿಫಿಕೇಟನ್ನೂ ಕೊಟ್ಟ.

ಹನ್ನೊಂದು ಹೆಂಗಸರೂ ಒಟ್ಟಿಗೆ ಇದಿನಬ್ಬನ ಕಡೆ ತಿರುಗಿದರು. ಕೇಳಿದ್ದು ಗಂಡಂದಿರಲ್ಲಿ ಒಬ್ಬ, ಉಳ್ಳಾಲದ ಆಶಿಕ್.

“ಇದಿನಬ್ಬಾಕ, ಸತ್ಯ ಹೇಳಿ. ನೀವು ಗಡಿ ದಾಟಿದ್ದೀರಾ ಇಲ್ವಾ?”

“ದಾಟಿಲ್ಲ. ಆದ್ರೆ ಇಲ್ಲಿಂದ ಸರಿಯಾಗಿ ಕಾಣ್ತದೆ ಮಾರಾಯ,” ಎಂದ ಇದಿನಬ್ಬ.

ಇಂಥ ಹೊತ್ತಿನಲ್ಲೂ ಅಬ್ದುಸ್ಸಲಾಮ್ ಬಿಡಲಿಲ್ಲ. ಏಳನೇ ನಂಬರಿನ ಸರಳು ಸರಿಮಾಡಿ ಬರಲು ಇದಿನಬ್ಬನಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಏಣಿಯ ಮೇಲಿದ್ದಾಗ ಸ್ವಲ್ಪ ಧೈರ್ಯ ಬಂದಿತ್ತು, ಇಳಿದಾಗ ಹೋಯಿತು ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಇತ್ತ ಗಂಡಂದಿರ ನಂಬಿಕೆ ಪೂರ್ತಿ ಇಂಗಿತ್ತು. ಈಜುವ ಯೋಚನೆ ಬಿಟ್ಟು ನಾವೆಲ್ಲ ಗಡಿಯವರೆಗೂ ಬಂದೆವು. ನಫೀಸತ್ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಗಂಡ ಒಂದು ಕಿತ್ತಳೆ ಸುಲಿದುಕೊಟ್ಟ. ತೆಗೆದುಕೊಂಡು ಹಿಂದಿನ ಸೀಟಿನ ಮಗುವಿಗೆ ಕೊಟ್ಟರು.

ಗಡಿಯಲ್ಲಿ ಇದಿನಬ್ಬ ಇದ್ದಬದ್ದ ಗಾಂಭೀರ್ಯವನ್ನೆಲ್ಲ ಕೂಡಿಸಿಕೊಂಡು, ಪಾಸ್‌ಪೋರ್ಟುಗಳ ಕಟ್ಟು ಹಿಡಿದು, ಬಾವುಟವನ್ನು ಬಗಲಲ್ಲಿಟ್ಟು ಕಿಟಕಿಗೆ ಹೋದ. ಒಳಗಿದ್ದ ಆಫೀಸರ್ ಮೊದಲು ಅವನ ಇಕಾಮಾ ಕೇಳಿದ. ಕಂಪ್ಯೂಟರಿನಲ್ಲಿ ನೋಡಿದ. ಮತ್ತೊಮ್ಮೆ ನೋಡಿದ.

“ರೀ-ಎಂಟ್ರಿ ಎಲ್ಲಿ?” ಎಂದು ಅರಬಿಯಲ್ಲಿ ಕೇಳಿದ.

“ನಾನು ಊರಿಗೆ ಹೋಗುವುದಲ್ಲ ಸಾರ್,” ಎಂದ ಇದಿನಬ್ಬ, ಅವನಿಗೆ ತಿಳಿದ ಪರದೆ ಅಂಗಡಿಯ ಅರಬಿಯಲ್ಲಿ. “ಅದು ವಿಮಾನಕ್ಕೆ. ನಾನು ಬಸ್ಸಿನಲ್ಲಿ ಬಂದದ್ದು.”

ಆಫೀಸರ್ ಪೆನ್ನು ಕೆಳಗಿಟ್ಟ. “ಆ ಗೇಟಿನಿಂದ ಆಚೆ ಯಾವ ದೇಶ?”

“ಜೋರ್ಡಾನ್.”

“ನಿನ್ನ ಊರು ಜೋರ್ಡಾನಾ?”

“ಅಲ್ಲ ಸಾರ್. ಅದಕ್ಕೇ ಹೇಳಿದ್ದು, ನಾನು ಊರಿಗೆ ಹೋಗುವುದಲ್ಲ ಅಂತ.”

ಆಫೀಸರ್ ಪಕ್ಕದ ಕಿಟಕಿಯವನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. ಮೂವರೂ ಇದಿನಬ್ಬನ ಬಾಯಿಂದ ಅದೇ ವಾದವನ್ನು ಮೊದಲಿನಿಂದ ಕೇಳಿದರು. ಇಪ್ಪತ್ತೈದು ವರ್ಷ ಈ ದೇಶದಲ್ಲಿ ಇದ್ದವನಿಗೆ ರೀ-ಎಂಟ್ರಿ ಎಂದರೆ ಊರಿನ ರಜೆಗೆ ಕೊಡುವ ಚೀಟಿ. ಊರು, ಈ ದೇಶ ಬಿಟ್ಟರೆ ಮೂರನೆಯ ದೇಶಕ್ಕೆ ಹೋಗುವ ಪ್ರಸಂಗ ಅವನಿಗೆ ಯಾವತ್ತೂ ಬಂದಿರಲಿಲ್ಲ. ನಗಬೇಕೆಂದು ಬಾಯಿ ತೆರೆದ ನಾನು, ನನ್ನ ಗತಿಯೂ ಅದೇ ಎಂದು ಹೊಳೆದು ಮುಚ್ಚಿದೆ.

ಇದಿನಬ್ಬ ಲತೀಫ್ ಸಾಹೇಬರಿಗೆ ಫೋನು ಮಾಡಿದ. ಆ ಕಾಗದವನ್ನು ಈಗ ಕಂಪ್ಯೂಟರಿನಲ್ಲೇ ಐದು ನಿಮಿಷದಲ್ಲಿ ಮಾಡಬಹುದು. ಆದರೆ ಅದರ ಪಾಸ್‌ವರ್ಡ್ ಇರುವುದು ಆಫೀಸಿನ ಸಾಲಿಮನ ತಲೆಯಲ್ಲಿ, ಸಾಲಿಮ್ ಇರುವುದು ಮಂಗಳೂರಿನ ವಿಮಾನದಲ್ಲಿ. “ಅವತ್ತೇ ಕೇಳಿದೆನಲ್ಲಯ್ಯಾ ನಾನು!” ಎಂದು ಸಾಹೇಬರು ಬೊಬ್ಬೆ ಹೊಡೆದದ್ದು ಆಫೀಸರನಿಗೂ ಕೇಳಿಸಿತು. ಕನ್ನಡ ಬಾರದಿದ್ದರೂ ಅವನಿಗೆ ವಿಷಯ ಅರ್ಥವಾಯಿತು.

“ಹೆಂಗಸರು ಮಕ್ಕಳು ಹೋಗಬಹುದು. ಬಸ್ಸು ಹೋಗಬಹುದು. ನೀನು ಇಲ್ಲೇ ಇರು. ಇವರ ಮುಖ್ಯಸ್ಥ ಯಾರು?” ಎಂದ ಆಫೀಸರ್.

ಎಲ್ಲರೂ ಅಭ್ಯಾಸಬಲದಿಂದ ಇದಿನಬ್ಬನ ಕಡೆ ನೋಡಿದೆವು. ಇದಿನಬ್ಬ ನೆಲ ನೋಡಿದ. ಬಿಸಿಲೇರುತ್ತಿತ್ತು. ಇವತ್ತು ದಾಟದಿದ್ದರೆ ನಫೀಸತ್‌ರ ಪೆಟ್ಟಿಗೆ ಕಟ್ಟಬೇಕು, ಪೆರ್ನಾಲ್ ಮತ್ತೆ ಫೋನಿನಲ್ಲೇ. ಶರಫಿಯಾದ ಶುಕ್ರವಾರದ ಜನಜಂಗುಳಿಯಲ್ಲಿ ಗಂಡನ ಅಂಗಿಯ ತುದಿ ಹಿಡಿಯದೆ ರಸ್ತೆ ದಾಟದ ಹೆಂಗಸು ಅವರು. ಇದಿನಬ್ಬನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. “ತಪ್ಪಾಯ್ತು ನಫೀಸ,” ಎಂದ, ಎಲ್ಲರ ಎದುರೇ. “ನಾನು ದೊಡ್ಡ ಮನುಷ್ಯ ಆಗ್ಲಿಕ್ಕೆ ಹೋಗಿ ನಿನ್ನ ಪೆರ್ನಾಲ್ ಹಾಳು ಮಾಡಿದೆ.”

ನಫೀಸತ್ ಬೆಳಗಿನಿಂದ ಮೊದಲ ಸಲ ಗಂಡನ ಮುಖ ನೋಡಿದರು. ಆಮೇಲೆ ಆಫೀಸರನ ಕಿಟಕಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಇದೊಂದೇ ಕಿಟಕಿಯಾ?” ಎಂದು ಕೇಳಿದರು.

“ಆಚೆ ಕಡೆ ಇನ್ನೊಂದು ಉಂಟಂತೆ,” ಎಂದೆ ನಾನು.

“ಎರಡೇ ಅಲ್ವಾ?” ಎಂದರು. “ನಮ್ಮ ಮನೆಯ ಹಕ್ಕುಪತ್ರಕ್ಕೆ ತಾಲೂಕು ಕಚೇರಿಯಲ್ಲಿ ಒಂಬತ್ತು ಕಿಟಕಿಗೆ ತಿರುಗಿದವಳು ನಾನು. ಕರೆಂಟಿಗೆ, ರೇಷನ್ ಕಾರ್ಡಿಗೆ, ಮಕ್ಕಳ ಶಾಲೆಗೆ ತಿರುಗಿದ್ದು ಬೇರೆ. ಆಗೆಲ್ಲ ಇವರು ಎಲ್ಲಿದ್ರು? ಇಲ್ಲೇ, ಏಣಿಯ ಮೇಲೆ. ಕೊಡಿ ಆ ಕಟ್ಟು.”

ಪಾಸ್‌ಪೋರ್ಟುಗಳ ಕಟ್ಟನ್ನೂ ಬಾವುಟವನ್ನೂ ಗಂಡನ ಕೈಯಿಂದ ತೆಗೆದುಕೊಂಡರು. ಕಿಟಕಿಯ ಬಳಿ ಹೋಗಿ ಸಲಾಂ ಹೇಳಿದರು. ಕಟ್ಟನ್ನು ಎದುರಿಗಿಟ್ಟು, ತನ್ನ ಎದೆಗೆ ಬೆರಳು ತೋರಿಸಿ, ಮದ್ರಸಾದಲ್ಲಿ ಕಲಿತ ಅರಬಿಯಲ್ಲಿ ಒಂದೇ ಶಬ್ದ ಹೇಳಿದರು: “ಅನಾ.” ನಾನು. ಆಫೀಸರ್ ಎದ್ದು ನಿಲ್ಲಲಿಲ್ಲ ನಿಜ, ಆದರೆ ನೆಟ್ಟಗೆ ಕುಳಿತ. ಅರ್ಧ ಗಂಟೆಯಲ್ಲಿ ಬಸ್ಸು ಗೇಟು ದಾಟಿತು. ಕಿಟಕಿಯಿಂದ ಹೊರಗೆ ಕೆಂಪು ವೆಲ್ವೆಟ್ ಗೊಂಡೆಸಮೇತ ಹಾರುತ್ತಿತ್ತು.

ಅಲ್ಲಿಂದ ಮುಂದಿನ ಐದು ಗಂಟೆಯನ್ನು ಎಂಟು ಗಂಡಂದಿರು ಗಡಿಯ ತಗಡಿನ ಚಪ್ಪರದ ಕೆಳಗೆ ಹೇಗೆ ಕಳೆದೆವು ಎಂಬುದನ್ನು ವಿವರವಾಗಿ ಹೇಳುವುದು ನಮ್ಮ ಮರ್ಯಾದೆಗೆ ಒಳ್ಳೆಯದಲ್ಲ. ಫೋನುಗಳು ಆಚೆ ಹಿಡಿಯಲಿಲ್ಲ. ಆಶಿಕ್ ತನ್ನ ಮಗನಿಗೆ ಸ್ವೆಟರ್ ಹಾಕಿಸಿದ್ದಕ್ಕೆ ಇದಿನಬ್ಬನನ್ನು ಬೈದ. ಮತ್ತೊಬ್ಬ, ಆಚೆಯವರು ವಾಪಸು ಬಿಡದಿದ್ದರೆ ಏನು ಗತಿ ಎಂದು ಗಂಟೆಗೊಮ್ಮೆ ಕೇಳಿದ. ಹಕ್ಲ್‌ನಲ್ಲಿ ಈಜಲೆಂದು ಚಡ್ಡಿ ತಂದಿದ್ದವರು ಅದನ್ನು ತಲೆಗೆ ಬಿಸಿಲು ತಾಗದಂತೆ ಹಾಕಿಕೊಂಡರು. ಇದಿನಬ್ಬ ಮಾತ್ರ ಚಪ್ಪರದೊಳಕ್ಕೂ ಬರಲಿಲ್ಲ. ಬೇಲಿಯ ಕಂಬ ಹಿಡಿದು ರಸ್ತೆ ನೋಡುತ್ತಾ ನಿಂತಿದ್ದ.

ನಾನು ನೀರು ಕೊಡಲು ಹೋದೆ.

“ಹಸನ್,” ಎಂದ, “ಇಪ್ಪತ್ತೆರಡು ವರ್ಷ ನಾನು ವಿಮಾನ ಹತ್ತಿದ್ದೇನೆ, ಅವಳು ಗೇಟಿನಲ್ಲಿ ನಿಂತಿದ್ದಾಳೆ. ಹೀಗಾಗ್ತದಾ ನಿಂತವರಿಗೆ?”

“ನನಗೆ ಹೇಗೆ ಗೊತ್ತಾಗ್ತದೆ ಮಾರಾಯ? ನಾನೂ ವಿಮಾನ ಹತ್ತಿದವನೇ,” ಎಂದೆ.

ಅವನು ನೀರು ಕುಡಿಯಲಿಲ್ಲ. ಆ ಹೊತ್ತಿಗೆ ಅವನ ಮೇಲಿದ್ದ ಸಿಟ್ಟೆಲ್ಲ ನನಗೆ ಇಳಿದುಹೋಯಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಎದ್ದಾಗ ಬಸ್ಸು ಕಾಣಿಸಿತು. ನಾವು ಎಂಟೂ ಜನ ಎದ್ದುಬಿದ್ದು ಓಡಿದೆವು. ಪೊಲೀಸ್ ಒಬ್ಬ ಕೈ ಅಡ್ಡ ಹಿಡಿಯದಿದ್ದರೆ ರೀ-ಎಂಟ್ರಿ ಇಲ್ಲದೆಯೇ ಜೋರ್ಡಾನಿಗೆ ಹೋಗಿಬಿಡುತ್ತಿದ್ದೆವು. ಕಿಟಕಿಯಲ್ಲಿ ಬೆಳಗಿನ ಅದೇ ಆಫೀಸರ್ ಇದ್ದ. ನಫೀಸತ್ ಕಟ್ಟನ್ನು ಎದುರಿಗಿಟ್ಟರು. ಅವನು ಒಂದೊಂದಕ್ಕೂ ಠಸ್ಸೆ ಒತ್ತುತ್ತಾ ಬಂದು, ಕೊನೆಗೆ ಅವರ ಪಾಸ್‌ಪೋರ್ಟಿಗೂ ಒತ್ತಿ, ಇಂಗ್ಲಿಷಿನಲ್ಲಿ “ನೈಂಟಿ ಡೇಸ್” ಎಂದ. ಆಮೇಲೆ ಬೇಲಿಯಾಚೆ ಕತ್ತು ಚಾಚಿ ನಿಂತಿದ್ದ ಇದಿನಬ್ಬನನ್ನು ತೋರಿಸಿ, “ಇವನನ್ನೂ ಕರೆದುಕೊಂಡು ಹೋಗು,” ಎಂದು ಕೈಸನ್ನೆ ಮಾಡಿದ.

ಆಚೆಯ ಕಥೆ ಹೆಂಗಸರ ಬಾಯಲ್ಲಿ ಹರಿಯತೊಡಗಿತು. ಅಲ್ಲಿಯ ಆಫೀಸಿನಲ್ಲಿ ಸಾಲು ತಪ್ಪಿಸಿ ನುಗ್ಗಿದ ಒಬ್ಬನನ್ನು ನಫೀಸತಕ್ಕ ಕನ್ನಡದಲ್ಲೇ ಹಿಂದಕ್ಕೆ ಕಳಿಸಿದ್ದು, ಅಕಬಾ ಊರಿನ ದಂಡೆಗೆ ಎಲ್ಲರನ್ನೂ ಕರೆದೊಯ್ದು ಕಾಲು ತೋಯಿಸಿದ್ದು, ಆಶಿಕನ ಮಗ ಹತ್ತು ನಿಮಿಷ ಕಳೆದುಹೋಗಿ ಸೀಟಿನಡಿಯಲ್ಲಿ ಸಿಕ್ಕಿದ್ದು. ಅದಾದ ಮೇಲೆ ಅವರು ಒಂದು ಬಿಸ್ಕೆಟ್ ಡಬ್ಬದ ರಟ್ಟು ಹರಿದು, ಎಲ್ಲರ ಹೆಸರು ಬರೆದು, ಬಸ್ಸು ಹೊರಡುವ ಮೊದಲು ಪ್ರತಿ ಸಲವೂ ಹಾಜರಿ ಕರೆಯುವ ನಿಯಮ ಮಾಡಿದ್ದರಂತೆ. ಹೆಸರು ಕರೆಯದೆ ಯಾರೂ ಲೆಕ್ಕಕ್ಕಿಲ್ಲ, ಓಗೊಡದೆ ಬಸ್ಸು ಅಲುಗುವಂತಿಲ್ಲ.

ಜಿದ್ದಾಕ್ಕೆ ಹೊರಡಲು ಎಲ್ಲರೂ ಹತ್ತಿದೆವು. ನಫೀಸತ್ ಮುಂದೆ ನಿಂತು, ರಟ್ಟಿನ ಹಿಂಬದಿಗೆ ಗಂಡಸರ ಹೆಸರುಗಳನ್ನೂ ಸೇರಿಸಿ, ಹಾಜರಿ ಶುರುಮಾಡಿದರು. ಹೆಂಗಸರು ಓಗೊಟ್ಟರು, ಮಕ್ಕಳು ಕಿರುಚಿದರು. “ಹಸನಣ್ಣ.” ಹೂಂ ಎಂದೆ. “ಆಶಿಕ್.” ಅವನೂ ಎಂದ. ಕೊನೆಯ ಹೆಸರಿಗೆ ಬಂದು ಪೆನ್ನು ನಿಂತಿತು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ‘ಇವರು’, ‘ಓ, ಇಲ್ಲಿ ನೋಡಿ’ ಇಷ್ಟರಲ್ಲೇ ಜೀವನ ಸಾಗುತ್ತದೆ. ಪಠಾಣ ಡ್ರೈವರ್ ಹಿಂದೆ ತಿರುಗಿ, “ಎಲ್ಲ ಬಂದರಾ?” ಎಂದು ಕೇಳಿದ. ಹೆಂಗಸರು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡರು.

“ನಫೀಸತಕ್ಕ, ನಿಯಮ ನಿಮ್ಮದೇ,” ಎಂದಳು ಶಾಹೀದಾ.

ಎದುರು ಸೀಟಿನಲ್ಲಿ ಇದಿನಬ್ಬ ಮಡಿಲಲ್ಲಿ ಕೈಯಿಟ್ಟು, ಫಲಿತಾಂಶ ಕಾಯುವ ಹುಡುಗನ ಹಾಗೆ ಕುಳಿತಿದ್ದ. ನಫೀಸತ್ ರಟ್ಟನ್ನು ನೋಡಿದರು, ಗಂಡನನ್ನು ನೋಡಿದರು, ಸೆರಗು ಸರಿಮಾಡಿಕೊಂಡರು.

“ಇದಿನಬ್ಬ!” ಎಂದು ಗಟ್ಟಿಯಾಗಿ ಕರೆದರು.

ಅವನು ದಡಬಡಿಸಿ ಎದ್ದ. ಸೀಟಿನ ಮೇಲಿನ ಸಾಮಾನಿನ ಅಟ್ಟಕ್ಕೆ ತಲೆ ಬಡಿಯಿತು. ಒಂದು ಕೈಯಲ್ಲಿ ತಲೆ ಹಿಡಿದುಕೊಂಡು, “ಇದ್ದೇನೆ,” ಎಂದ.

ನಫೀಸತ್ ಹೆಸರಿನ ಮುಂದೆ ಗೀಟು ಹಾಕಿದರು. ಹೊರಡು ಎಂದು ಡ್ರೈವರನಿಗೆ ಕೈಬೀಸಿ, ಅರಬಿಯಲ್ಲೇ “ಯಲ್ಲಾ,” ಎಂದರು.